ಜೈಲಿನೊಳಗೆ ಲೈಂಗಿಕ ದೌರ್ಜನ್ಯದ ದೂರು ಬಂದ್ರೆ ತನಿಖೆ ಹೇಗೆ? ಟ್ರೇನಿಂಗ್ ಶುರುವಾಗ್ತಿದೆ, ಗೊತ್ತಿರೋರು ದಯವಿಟ್ಟು ಹೇಳಿ

ಮಲೆನಾಡ_ಮಳೆ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಓದಿ ಪ್ಲೀಸ್.

ನಾನು ಸಕಲೇಶಪುರದ ಕಡೆಯವಳು. ಮದ್ವೆ ಆಗಿ ಅಮೆರಿಕಕ್ಕೆ ಬಂದು 11 ವರ್ಷ ಆಯ್ತು. ಊರಲ್ಲಿ ಎಂಎಸ್‌ಡಬ್ಲ್ಯೂ ಮಾಡಿದ್ದೆ, ಇಲ್ಲಿ ಬಂದು ಮತ್ತೆ ಓದಿ ಒಂದು ಸ್ಟೇಟ್ ಪ್ರಿಸನ್‌ನಲ್ಲಿ ಕೇಸ್ ಮ್ಯಾನೇಜರ್ ಆಗಿ 4 ವರ್ಷದಿಂದ ಕೆಲ್ಸ ಮಾಡ್ತಿದೀನಿ (ಯಾವ ಸ್ಟೇಟು, ಯಾವ ಜೈಲು ಅಂತ ಹೇಳಲ್ಲ, ಕೇಳ್ಬೇಡಿ). ಈಗ ನನ್ನನ್ನ ಇನ್ವೆಸ್ಟಿಗೇಟರ್ ಪೋಸ್ಟಿಗೆ ಹಾಕ್ತಿದಾರೆ. ಕೈದಿಗಳ ಮೇಲೆ ಇನ್ನೊಬ್ಬ ಕೈದಿಯಿಂದನೋ ಸ್ಟಾಫ್‌ನಿಂದನೋ ಲೈಂಗಿಕ ದೌರ್ಜನ್ಯ ಆಯ್ತು ಅಂತ ದೂರು ಬಂದ್ರೆ ವಿಚಾರಣೆ ಮಾಡೋ ಟೀಮು. ಮುಂದಿನ ಸೋಮವಾರದಿಂದ ಟ್ರೇನಿಂಗು.

ಹಿನ್ನೆಲೆ ಗೊತ್ತಿಲ್ದೇ ಇರೋರಿಗೆ: ಇಲ್ಲಿ 2003ರಲ್ಲಿ ಪ್ರಿಸನ್ ರೇಪ್ ಎಲಿಮಿನೇಷನ್ ಆ್ಯಕ್ಟ್ ಅಂತ ಒಂದು ಕಾಯ್ದೆ ಬಂತು, ಎಲ್ಲರೂ ಅದನ್ನ ಪ್ರಿಯಾ ಅಂತಾನೇ ಕರೀತಾರೆ. 2012ರಲ್ಲಿ ಅದರ ಕೆಳಗೆ ವಿವರವಾದ ನಿಯಮಗಳು ಬಂದ್ವು. ಜೈಲಿನ ಎಲ್ಲಾ ಸಿಬ್ಬಂದಿಗೂ ಒಂದು ಸಾಮಾನ್ಯ ಟ್ರೇನಿಂಗ್ ಇರುತ್ತೆ, ಅದು ನಂಗೆ ಆಗಿದೆ. ಆದ್ರೆ ತನಿಖೆ ಮಾಡೋರಿಗೆ ಅದರ ಮೇಲೆ ಇನ್ನೊಂದು ಪ್ರತ್ಯೇಕ ಟ್ರೇನಿಂಗ್ ಆಗ್ಲೇಬೇಕು ಅಂತ ನಿಯಮ ಹೇಳುತ್ತೆ. ಸಂತ್ರಸ್ತರ ಜೊತೆ ಹೇಗೆ ಮಾತಾಡ್ಬೇಕು, ಮಿರಾಂಡಾ ಮತ್ತೆ ಗ್ಯಾರಿಟಿ ಎಚ್ಚರಿಕೆ ಯಾವಾಗ ಕೊಡ್ಬೇಕು, ಜೈಲಿನ ಒಳಗೆ ಸಾಕ್ಷ್ಯ ಹೇಗೆ ತೆಗೀಬೇಕು, ದೂರು ಸಾಬೀತಾಯ್ತು ಅನ್ನೋಕೆ ಏನೇನು ಇರ್ಬೇಕು, ಈ ನಾಲ್ಕು ವಿಷಯ.

ಪುಸ್ತಕದಲ್ಲಿರೋದು ಓದ್ಕೋತೀನಿ. ನಂಗೆ ಭಯ ಇರೋದು ಬೇರೆ. ಹೋದ ವರ್ಷ ಒಬ್ಳು ಕೈದಿ, ಚಿಕ್ಕ ಹುಡುಗಿ, ನನ್ ಹತ್ರ ಕ್ಯಾಂಟೀನ್ ಅಕೌಂಟ್ ವಿಷಯ ಮಾತಾಡೋಕೆ ಬಂದಿದ್ಳು. ಎಲ್ಲಾ ಮುಗ್ದು ಎದ್ದು ಬಾಗಿಲ ಹತ್ರ ಹೋಗಿ ಅಲ್ಲೇ ನಿಂತ್ಕೊಂಡು, ರಾತ್ರಿ ಶಿಫ್ಟಿನವ್ರು ಒಬ್ರು ನನ್ ರೂಮಿಗೆ ಬರ್ತಾರೆ ಅಂದ್ಳು. ಅಷ್ಟೇ. ನಾನು ತಕ್ಷಣ ಪೆನ್ ತಗೊಂಡು, ಒಂದ್ನಿಮಿಷ ಬರ್ಕೋತೀನಿ, ಎಷ್ಟನೇ ತಾರೀಕು, ಎಷ್ಟು ಗಂಟೆ ಅಂತ ಕೇಳ್ದೆ. ಅವಳು ನನ್ ಕೈಲಿದ್ದ ಪೆನ್ನನ್ನೇ ನೋಡಿದ್ಳು, ಏನೂ ಇಲ್ಲ ಮೇಡಂ ಬಿಡಿ ಅಂತ ಹೊರಟ್ಹೋದ್ಳು. ನಿಯಮದ ಪ್ರಕಾರ ನಾನು ರಿಪೋರ್ಟ್ ಮಾಡ್ದೆ. ವಿಚಾರಣೆಗೆ ಕರೆದಾಗ ಅವಳು ಬಾಯೇ ಬಿಡ್ಲಿಲ್ಲ, ಆಮೇಲೆ ನನ್ನ ಜೊತೆನೂ ಮಾತಾಡ್ಲಿಲ್ಲ. ಈಗಲೂ ಅದು ನನ್ನ ಬಿಟ್ಟಿಲ್ಲ. ಈಗ ಅದೇ ಕೆಲ್ಸ ನನ್ನ ಕೈಗೇ ಬರ್ತಿದೆ.

ಪೊಲೀಸು, ನರ್ಸಿಂಗು, ವಕೀಲಿ, ಯಾವ ಕಡೆಯಿಂದನಾದ್ರೂ ಈ ಥರ ಕೇಸು ಹತ್ರದಿಂದ ನೋಡಿರೋರು ಇದ್ರೆ ಹೇಳಿ. ಮೊದಲ ಪ್ರಶ್ನೆ ಏನು ಕೇಳ್ತೀರಾ? ಮತ್ತೆ ಈ ಗ್ಯಾರಿಟಿ ಅನ್ನೋದು ಎಷ್ಟು ಓದಿದ್ರೂ ತಲೆಗೆ ಹೋಗ್ತಿಲ್ಲ.

—

ಕರಾವಳಿ_ನರ್ಸ್:

ಮಲೆನಾಡ ಅವ್ರೇ, ನಾನು ಉಡುಪಿ ಕಡೆಯವಳು, ಇಲ್ಲಿ ಎಮರ್ಜೆನ್ಸಿಯಲ್ಲಿ ನರ್ಸು. 9 ವರ್ಷದಿಂದ ಲೈಂಗಿಕ ದೌರ್ಜನ್ಯದ ಫೊರೆನ್ಸಿಕ್ ಪರೀಕ್ಷೆ ಮಾಡ್ತೇನೆ, ಸೇನ್ ನರ್ಸ್ ಅಂತಾರಲ್ಲ, ಅದು. ನಮ್ಮ ಆಸ್ಪತ್ರೆಗೆ ಹತ್ತಿರದ ಜೈಲಿಂದಲೂ ಕರ್ಕೊಂಡು ಬರ್ತಾರೆ. ಹಾಗಾಗಿ ನನ್ನ ಕಡೆಯ ವಿಷಯ ಮಾತ್ರ ಹೇಳ್ತೇನೆ.

ಮೊದಲ ಕೆಲವು ಗಂಟೆ ಬಹಳ ಮುಖ್ಯ ಮಾರಾಯ್ರೆ. ಹೊರಗೆ ಒಬ್ಬರಿಗೆ ಹೀಗಾದ್ರೆ ಅವರ ಮನೆ, ಬಟ್ಟೆ, ಹಾಸಿಗೆ ಇದ್ದಲ್ಲೇ ಇರ್ತದೆ. ಜೈಲಲ್ಲಿ ಹಾಗಲ್ಲ. ಬಟ್ಟೆ ಲಾಂಡ್ರಿ ದಿನ ಬಂದ್ರೆ ಎಲ್ಲರದ್ದೂ ಒಟ್ಟಿಗೆ ಮಷಿನಿಗೆ ಹೋಗ್ತದೆ, ಸೆಲ್ಲಿಗೆ ಸಂಜೆಯೊಳಗೆ ಇನ್ನೊಬ್ಬರನ್ನ ಹಾಕಿ ಆಗಿರ್ತದೆ, ಕ್ಯಾಮರಾದಲ್ಲಿ ಹಳೇದರ ಮೇಲೆ ಹೊಸದು ರೆಕಾರ್ಡ್ ಆಗ್ತಾ ಹೋಗ್ತದೆ. ಆದ್ರಿಂದ ದೂರು ಕೇಳಿದ ಆ ದಿನವೇ ಸೆಲ್ ಸೀಲ್ ಮಾಡ್ಬೇಕು, ವಿಡಿಯೋ ತೆಗೆದಿಡ್ಲಿಕ್ಕೆ ಬರವಣಿಗೆಯಲ್ಲಿ ಹೇಳ್ಬೇಕು. ಬಾಗಿಲು ಯಾವಾಗ ತೆರೀತು ಅನ್ನೋ ಲಾಗ್, ಡ್ಯೂಟಿ ಚಾರ್ಟ್, ಫೋನ್ ರೆಕಾರ್ಡ್, ಯಾರಾದ್ರೂ ಅವಳ ಅಕೌಂಟಿಗೆ ದುಡ್ಡು ಹಾಕಿದ್ರಾ, ಇದೆಲ್ಲ. ಅವಳ ಮಾತೊಂದೇ ಸಾಕ್ಷಿ ಅಂತ ಎಲ್ಲರೂ ಹೇಳ್ತಾರೆ, ಹುಡುಕದೇ ಇದ್ರೆ ಮಾತೊಂದೇ ಉಳಿಯೋದು.

ಸ್ನಾನ ಮಾಡ್ಬೇಡಿ, ಹಲ್ಲುಜ್ಜಬೇಡಿ, ಬಟ್ಟೆ ಬದಲಿಸಬೇಡಿ, ನೀರು ಕುಡೀಬೇಡಿ, ಟಾಯ್ಲೆಟ್ಟಿಗೂ ಹೋಗ್ಬೇಡಿ ಅಂತ ಕೇಳ್ಕೋಬೇಕು ಅಂತ ನಿಯಮದಲ್ಲಿ ಉಂಟು. ಕೇಳ್ಕೊಳ್ಳೋದು ಅಂದ್ರೆ ಕೇಳ್ಕೊಳ್ಳೋದೇ, ಗದರಿಸೋದು ಅಲ್ಲ. ಯಾಕೆ ಅಂತ ಹೇಳಿ, ಬೇಗ ಆಸ್ಪತ್ರೆಗೆ ಕರ್ಕೊಂಡು ಬನ್ನಿ. ಆರೋಪಿ ಒಳಗೇ ಇದ್ರೆ ಅವನು ತೊಳ್ಕೊಳ್ಳದ ಹಾಗೆ ನೋಡ್ಕೊಳ್ಳೋದು ಮಾತ್ರ ಸಿಬ್ಬಂದಿಯ ಜವಾಬ್ದಾರಿ. ಬಟ್ಟೆ ಪೇಪರ್ ಚೀಲದಲ್ಲೇ ಹಾಕಿ, ಪ್ಲಾಸ್ಟಿಕ್ಕಲ್ಲಿ ಹಾಕಿದ್ರೆ ತೇವಕ್ಕೆ ಬೂಸ್ಟು ಬಂದು ಡಿಎನ್‌ಎ ಹಾಳಾಗ್ತದೆ. ಎರಡು ದಿನ ಕಳೀತು, ಸ್ನಾನ ಆಯ್ತು ಅಂತ ಕೈಬಿಡ್ಬೇಡಿ, ಎಷ್ಟೋ ಕಡೆ 120 ಗಂಟೆವರೆಗೂ ಪರೀಕ್ಷೆ ಮಾಡ್ತಾರೆ.

ಒಂದು ದಿನದ್ದು ಹೇಳ್ತೇನೆ. ಒಬ್ಬಳನ್ನ ರಾತ್ರಿ 2 ಗಂಟೆಗೆ ಕರ್ಕೊಂಡು ಬಂದ್ರು. ಕೈಗೆ ಕೋಳ, ಕಾಲಿಗೆ ಸರಪಳಿ, ಜೊತೆಗೆ ಇಬ್ಬರು ಗಂಡಸು ಆಫೀಸರ್. ಪರೀಕ್ಷೆ ಟೇಬಲ್ ಮೇಲೆ ಮಲಗಿಸ್ಬೇಕು, ಕಾಲಲ್ಲಿ ಸರಪಳಿ ಇದ್ರೆ ಹೇಗೆ ಮಾಡೋದು? ನಾನು ಕೇಳ್ದೆ, ಒಬ್ರು ಪಾಲಿಸಿ ಅಂದ್ರು. ನಾನು ಕೈಗವಸು ತೆಗೆದು ಕುರ್ಚಿಯಲ್ಲಿ ಕೂತೆ, ನೀವು ನಿಮ್ಮ ಮೇಲಿನವರಿಗೆ ಫೋನ್ ಮಾಡಿ, ನಾನು ಕಾಯ್ತೇನೆ ಅಂತ ಹೇಳ್ದೆ. 40 ನಿಮಿಷ ಆಯ್ತು. ಕೊನೆಗೆ ಕಾಲಿನದ್ದು ತೆಗೆದ್ರು, ಒಬ್ಬಳು ಹೆಂಗಸು ಆಫೀಸರ್ ಬಂದ್ಳು, ಪರದೆಯ ಆಚೆ ಬಾಗಿಲ ಕಡೆ ಮುಖ ಮಾಡಿ ನಿಂತ್ಳು. ಆ 40 ನಿಮಿಷ ಆ ಹುಡುಗಿ ನನ್ನ ಮುಖವನ್ನೇ ನೋಡ್ತಾ ಇದ್ಳು, ಆಮೇಲೆ ನಾನು ಏನು ಕೇಳಿದ್ರೂ ಉತ್ತರ ಕೊಟ್ಳು. ಈ ಸರಪಳಿ ವಿಷಯ ನಿಮ್ಮ ಜೈಲಿನವರ ಹತ್ರ ಈಗಲೇ ಮಾತಾಡಿ ಇಟ್ಕೊಳ್ಳಿ, ರಾತ್ರಿ 2 ಗಂಟೆಗೆ ಜಗಳ ಮಾಡೋ ಹಾಗೆ ಆಗ್ಬಾರ್ದು. ಸಪೋರ್ಟಿಗೆ ಒಬ್ರು ಅಡ್ವೊಕೇಟ್ (ವಕೀಲರಲ್ಲ, ಸಂತ್ರಸ್ತರಿಗೆ ಧೈರ್ಯ ಹೇಳ್ಲಿಕ್ಕೆ ಇರೋರು) ಜೊತೆಗೆ ಇರ್ಲಿಕ್ಕೆ ಅವಳಿಗೆ ಹಕ್ಕು ಉಂಟು, ಅದನ್ನ ಅವಳಿಗೆ ಬಾಯಿಬಿಟ್ಟು ಹೇಳಿ.

—

ನೇರ_ಮಾತು:

ಬೇಜಾರ್ ಮಾಡ್ಕೋಬೇಡಿ, ಇನ್ನೊಂದು ಕಡೆನೂ ನೋಡ್ಬೇಕಲ್ವಾ. ಜೈಲಲ್ಲಿರೋರು ಮೊದಲೇ ಅಪರಾಧ ಮಾಡಿ ಬಂದಿರೋರು. ಬೇರೆ ಬ್ಯಾರಕ್ ಬೇಕು, ಟ್ರಾನ್ಸ್‌ಫರ್ ಬೇಕು, ಆಗದೇ ಇರೋ ಆಫೀಸರ್ ಮೇಲೆ ಸೇಡು, ಇಂಥದ್ದಕ್ಕೆಲ್ಲ ಸುಳ್ಳು ದೂರು ಕೊಡ್ತಾರೆ ಅಂತ ಜೈಲು ಇಲಾಖೆಯಲ್ಲಿರೋ ನಮ್ಮ ಭಾವ ಹೇಳ್ತಾರೆ. ಒಬ್ಬ ಆಫೀಸರ್ ಹೆಸರು ಒಂದ್ಸಲ ಕೆಟ್ರೆ ಮುಗೀತು. ಟ್ರೇನಿಂಗಲ್ಲಿ ಇದನ್ನೂ ಹೇಳ್ಕೊಡ್ಬೇಕು ಅಂತ ನನ್ನ ಅಭಿಪ್ರಾಯ.

—

ಹುಬ್ಬಳ್ಳಿ_ಅಕ್ಕ:

ನಾ ಪೊಲೀಸ್ ಡಿಪಾರ್ಟ್‌ಮೆಂಟಿನ್ಯಾಗ 31 ವರ್ಷ ಇದ್ದಾಕಿ, ಇನ್‌ಸ್ಪೆಕ್ಟರ್ ಆಗಿ ರಿಟೈರ್ ಆಗೀನಿ. ನೇರ_ಮಾತು ತಮ್ಮ, ನೀ ಕೇಳಿದ್ದು ತಪ್ಪಲ್ಲ, ಎಲ್ಲಾರೂ ಕೇಳ್ತಾರ. ಸುಳ್ಳು ಹೇಳಾವ್ರು ಇರ್ತಾರ, ನಾನೂ ನೋಡೀನಿ. ಕೈದಿನೂ ಸುಳ್ಳು ಹೇಳ್ತಾನ, ಖಾಕಿ ಹಾಕ್ಕೊಂಡಾವ್ನೂ ಹೇಳ್ತಾನ. ಅದಕ್ಕ ತನಿಖಾ ಅಂತ ಮಾಡೋದು. ಆದ್ರ ಯಾರು ಕೈದಿ, ಯಾರು ಆಫೀಸರ್ ಅಂತ ನೋಡಿ ಸುಳ್ಳು ಖರೇ ತೀರ್ಮಾನ ಮಾಡಾಕ ಬರಂಗಿಲ್ಲ. ಆಕಿ ಕಳವು ಮಾಡಿ ಒಳಗ ಬಂದಾಳ ಅಂದ್ರ ಆಕಿ ಮೈಮ್ಯಾಲೆ ಆದದ್ದು ಸುಳ್ಳಾಗತದೇನು? ಬ್ಯಾರೆ ಬ್ಯಾರಕ್ ಬೇಕು ಅಂತ ಕೇಳ್ತಾಳ ಅಂತೀಯಲ್ಲ, ಖರೇನ ಆಗಿದ್ರೂ ಆಕಿ ಮೊದ್ಲು ಅದನ್ನ ಕೇಳಾಕಿ, ಅಲ್ಲಿಂದ ಪಾರಾಗಬೇಕಲ್ಲ ಆಕಿಗೆ.

ಈಗ ಮಲೆನಾಡ ತಂಗಿ, ನಿನಗ ಹೇಳ್ತೀನಿ. ನೀ ಪೆನ್ ತಗೊಂಡದ್ದು ತಪ್ಪಲ್ಲವ್ವ, ಎಲ್ಲಾರಿಗೂ ಹಂಗ ಕಲಿಸಿರ್ತಾರ. ತಾರೀಕು, ಟೈಮು, ಜಾಗಾ, ಕಲಂ. ಎಫ್‌ಐಆರ್ ಫಾರ್ಮಿನ್ಯಾಗ ಯಾವ ಕ್ರಮದಾಗ ಐತಿ ಅದ ಕ್ರಮದಾಗ ನಾವು ಕೇಳ್ತೀವಿ, ಆದ್ರ ಹೆದರಿದಾಕಿ ತಲಿಯಾಗ ಅದು ಆ ಕ್ರಮದಾಗ ಇರಂಗಿಲ್ಲ. ಆಕಿಗೆ ಬೀಗದ ಗೊಂಚಲದ ಸಪ್ಪಳ ನೆನಪಿರ್ತದ, ಅವನ ಬಾಯಿ ವಾಸನಿ ನೆನಪಿರ್ತದ, ಬುಧವಾರೋ ಗುರುವಾರೋ ಅದು ನೆನಪಿರಂಗಿಲ್ಲ. ನೀ ವಾರ ಕೇಳಿದಿ ಅಂದ್ರ ಆಕಿ ಏನರ ಒಂದು ಹೇಳ್ತಾಳ, ನಾಳೆ ಕೋರ್ಟಿನ್ಯಾಗ ಅದ ಒಂದ ತಪ್ಪು ಹಿಡದು ಪೂರಾ ಸುಳ್ಳಿ ಅಂತಾರ. ಮೊದ್ಲ ಪ್ರಶ್ನೆ ಏನು ಅಂತ ಕೇಳಿದಿ. ನಿನಗ ಎಲ್ಲಿಂದ ಹೇಳಾಕ ಆಗತದೋ ಅಲ್ಲಿಂದ ಹೇಳು, ಇಷ್ಟ. ಆಮೇಲೆ ಸುಮ್ಮನ ಕುಂದ್ರು. ಸುಮ್ಮನ ಕುಂದ್ರೂದು ಭಾಳ ಕಷ್ಟ, ಪೊಲೀಸರಿಗಂತೂ ಇನ್ನೂ ಕಷ್ಟ. ಯಾಕ ಕೂಗಲಿಲ್ಲ, ಯಾಕ ಅವತ್ತ ಹೇಳಲಿಲ್ಲ, ಈ ಯಾಕ ಅನ್ನೂ ಶಬ್ದನ ಬಾಯಾಗ ತರಬ್ಯಾಡ. ಅದು ಕೇಳಿದ ಕೂಡಲೇ ಆಕಿಗೆ ತಪ್ಪು ನಂದ ಅನ್ನಿಸ್ತದ. ಹೇಳಿದ್ದು ಪೂರಾ ಮುಗದ ಮ್ಯಾಲ ತಾರೀಕಿಗೆ ಬಾ, ಅದೂ ಹಂಗ ಅಲ್ಲ, ಅವತ್ತ ಊಟಕ್ಕ ಏನಿತ್ತು, ಯಾರರ ಭೆಟ್ಟಿಗೆ ಬಂದಿದ್ರೇನು ಅಂತ ಕೇಳು. ಜೈಲಿನ್ಯಾಗ ಊಟದ ಪಟ್ಟಿ, ಭೆಟ್ಟಿ ರಜಿಸ್ಟರ್ ಎಲ್ಲಾ ಇರ್ತದ, ತಾರೀಕು ತಾನ ಸಿಗತದ.

ಇನ್ನೊಂದ ಮಾತು. ನನ್ನ ಸರ್ವೀಸಿನ ಮೊದಲನೇ ವರ್ಷಗಳಾಗ ಒಬ್ಬಾಕಿ ಹೇಳಿಕೆ ಬರಕೊಂಡೆ. ಎಲ್ಲಾ ಹೇಳಿ ಮುಗಿಸಿ ಸಹಿ ಹಾಕೂ ಮುಂದ ಆಕಿ ಕೇಳಿದ್ಳು, ಅಕ್ಕಾ ಇವತ್ತ ರಾತ್ರಿ ನನ್ನ ಬಾಗಲಾ ಯಾರು ಹಾಕ್ತಾರ ಅಂತ. ನನ್ನ ಕಡೆ ಉತ್ತರ ಇರಲಿಲ್ಲ. ಅವನದ ಡ್ಯೂಟಿ ಇತ್ತು. ಅವತ್ತಿಂದ ನಾ ಹೇಳಿಕೆ ತಗೋಳೂಕಿಂತ ಮೊದ್ಲು ಡ್ಯೂಟಿ ಪಟ್ಟಿ ನೋಡ್ತಿದ್ದೆ. ನೀನೂ ನೋಡು. ಆಕಿಗೆ ಉತ್ತರ ಕೊಡಾಕ ಆಗೂದಿಲ್ಲ ಅಂದ್ರ ಆಕಿನ್ನ ಮಾತಾಡಸಬ್ಯಾಡ, ಮೊದ್ಲು ಅವನ ಡ್ಯೂಟಿ ತಗಸು.

—

ಸ್ಯಾಕ್ರಮೆಂಟೊ_ವಕೀಲ:

ಅಕ್ಕ ಬರೆದದ್ದು ಓದಿ ಸ್ವಲ್ಪ ಹೊತ್ತು ಏನೂ ಬರೆಯೋಕಾಗ್ಲಿಲ್ಲ. ಅವರು ಹೇಳಿದ್ದೇ ಇಲ್ಲಿನ ನಿಯಮದಲ್ಲೂ ಇದೆ: ನಂಬಿಕೆಗೆ ಅರ್ಹರೋ ಇಲ್ವೋ ಅನ್ನೋದನ್ನ ಒಬ್ಬೊಬ್ಬರದ್ದೂ ಬೇರೆಬೇರೆ ಅಳೀಬೇಕು, ಕೈದಿ ಅನ್ನೋ ಕಾರಣಕ್ಕಾಗ್ಲಿ ಸ್ಟಾಫ್ ಅನ್ನೋ ಕಾರಣಕ್ಕಾಗ್ಲಿ ತೀರ್ಮಾನ ಮಾಡ್ಬಾರ್ದು. ಸುಳ್ಳು ಪತ್ತೆ ಯಂತ್ರಕ್ಕೆ ಕೂತ್ರೆ ಮಾತ್ರ ತನಿಖೆ ಮಾಡ್ತೀವಿ ಅಂತ ದೂರು ಕೊಟ್ಟೋರಿಗೆ ಹೇಳೋ ಹಾಗೂ ಇಲ್ಲ. ಆದ್ರೆ ನಿಯಮ ಇದ್ದೂ ಏನಾಯ್ತು ನೋಡಿ, ಫೆಡರಲ್ ಜೈಲುಗಳಲ್ಲಿ ಕೈದಿಗಳ ಮಾತನ್ನ ವಿಡಿಯೋ ಥರದ ಬೇರೆ ಸಾಕ್ಷ್ಯ ಇಲ್ದೇ ಇದ್ರೆ ನಂಬೋದೇ ಇಲ್ಲ ಅನ್ನೋ ರೂಢಿ ಇತ್ತು, ಇದು ತಪ್ಪು ಅಂತ ನ್ಯಾಯ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಕಚೇರಿಯೇ (ಪೊಲೀಸ್ ಐಜಿ ಅಲ್ಲ, ಇಲಾಖೆಯ ತಪ್ಪುಗಳ ಮೇಲೆ ಕಣ್ಣಿಡೋ ಕಚೇರಿ) 2022ರ ಅಕ್ಟೋಬರ್‌ನಲ್ಲಿ ಬರೆದು ಕೊಡ್ಬೇಕಾಯ್ತು.

ಗ್ಯಾರಿಟಿ ಕೇಳಿದ್ರಲ್ಲ, ಮನೆ ಭಾಷೇಲಿ ಹೇಳ್ತೀನಿ. ಮಿರಾಂಡಾ ಎಲ್ಲರಿಗೂ ಗೊತ್ತು, 1966ರ ಸುಪ್ರೀಂ ಕೋರ್ಟ್ ತೀರ್ಪು, ವಶದಲ್ಲಿರೋನನ್ನ ವಿಚಾರಿಸೋ ಮುಂಚೆ ನೀನು ಸುಮ್ಮನಿರಬಹುದು, ವಕೀಲರನ್ನ ಇಟ್ಕೋಬಹುದು ಅಂತ ಹೇಳ್ಬೇಕು. ಗ್ಯಾರಿಟಿ 1967ರದ್ದು, ಅದು ಸರ್ಕಾರಿ ನೌಕರರ ವಿಷಯ. ಮೇಲಧಿಕಾರಿ ಒಬ್ಬ ಆಫೀಸರ್‌ನ ಕರೆದು, ಉತ್ತರ ಕೊಡ್ಲೇಬೇಕು, ಕೊಡದಿದ್ರೆ ಕೆಲಸ ಹೋಗುತ್ತೆ ಅಂತ ಬಲವಂತ ಮಾಡಿ ಕೇಳಿದ್ರೆ, ಅವನು ಕೊಟ್ಟ ಉತ್ತರವನ್ನ ಕ್ರಿಮಿನಲ್ ಕೇಸಲ್ಲಿ ಅವನ ವಿರುದ್ಧ ಬಳಸೋಕಾಗಲ್ಲ. ಇಲಾಖಾ ಕ್ರಮಕ್ಕೆ ಬಳಸ್ಬಹುದು ಅಷ್ಟೇ. ಈಗ ಯೋಚ್ನೆ ಮಾಡಿ, ನೀವು ಹುಮ್ಮಸ್ಸಲ್ಲಿ ಆಫೀಸರ್‌ನ ಕರೆದು ಬಲವಂತದ ಹೇಳಿಕೆ ತಗೊಂಡ್ರಿ, ಅವನು ಹೌದು ಮಾಡ್ದೆ ಅಂತ ಒಪ್ಕೊಂಡ. ನಿಮಗೆ ಗೆದ್ದ ಹಾಗೆ ಅನ್ಸುತ್ತೆ, ಆದ್ರೆ ಆ ಒಪ್ಪಿಗೆ ಇಟ್ಕೊಂಡು ಪ್ರಾಸಿಕ್ಯೂಟರ್ ಏನೂ ಮಾಡೋಕಾಗಲ್ಲ. ಇದು ಬರೀ ಊಹೆ ಅಲ್ಲ. 2022ರ ಡಿಸೆಂಬರ್‌ನಲ್ಲಿ ಸೆನೆಟ್ ಉಪಸಮಿತಿ ಒಂದು ವರದಿ ಕೊಡ್ತು, ಫ್ಲಾರಿಡಾದ ಕೋಲ್‌ಮನ್ ಜೈಲಲ್ಲಿ ಹಲವು ಆಫೀಸರ್‌ಗಳು ಇಂಥ ಬಲವಂತದ ವಿಚಾರಣೆಯಲ್ಲಿ ಕೈದಿ ಹೆಂಗಸರ ಮೇಲೆ ದೌರ್ಜನ್ಯ ಮಾಡಿದ್ದನ್ನ ಒಪ್ಕೊಂಡಿದ್ರು, ಅವರಲ್ಲಿ ಒಬ್ಬರ ಮೇಲೂ ಕ್ರಿಮಿನಲ್ ಕೇಸ್ ನಡೀಲಿಲ್ಲ. ಆದ್ದರಿಂದ ಅಪರಾಧದ ವಾಸನೆ ಇದೆ ಅಂದ ತಕ್ಷಣ ಆಫೀಸರ್‌ನ ಮುಟ್ಟೋ ಮುಂಚೆ ಪ್ರಾಸಿಕ್ಯೂಟರ್‌ಗೆ ಫೋನ್ ಮಾಡಿ. ಇಲಾಖಾ ವಿಚಾರಣೆ ಮತ್ತೆ ಕ್ರಿಮಿನಲ್ ತನಿಖೆ ಒಬ್ಬರೇ ಮಾಡ್ಬಾರ್ದು, ಮೊದಲು ಕ್ರಿಮಿನಲ್ ಕಡೆಯವರು ಮಾತಾಡ್ಲಿ.

ಅದೇ ಕೋಲ್‌ಮನ್‌ದು ಇನ್ನೊಂದು. 2021ರಲ್ಲಿ ಪ್ರಿಯಾ ಆಡಿಟ್‌ನವರು ಬರೋಕೆ ಎರಡು ದಿನ ಮುಂಚೆ ಅಲ್ಲಿದ್ದ ಹೆಂಗಸರನ್ನೆಲ್ಲ ಬೇರೆ ಜೈಲಿಗೆ ಸಾಗಿಸಿದ್ರು. ಆಡಿಟರ್ ಬಂದಾಗ ಮಾತಾಡ್ಸೋಕೆ ಒಬ್ಬ ಹೆಂಗಸೂ ಇರ್ಲಿಲ್ಲ.

ಮತ್ತೆ ನಮ್ಮ ಕ್ಯಾಲಿಫೋರ್ನಿಯಾದ ಡಬ್ಲಿನ್, ಹೆಂಗಸರ ಫೆಡರಲ್ ಜೈಲು. ಅಲ್ಲಿನ ವಾರ್ಡನ್ (ಊರಲ್ಲಿರೋರಿಗೆ: ಇಲ್ಲಿ ವಾರ್ಡನ್ ಅಂದ್ರೆ ನಮ್ಮ ಜೈಲ್ ಸೂಪರಿಂಟೆಂಡೆಂಟ್ ಥರ, ಇಡೀ ಜೈಲಿನ ಮುಖ್ಯಸ್ಥ) ಕೈದಿಗಳ ಮೇಲೆ ದೌರ್ಜನ್ಯ ಮಾಡಿದ್ದಕ್ಕೆ 2022ರ ಡಿಸೆಂಬರ್‌ನಲ್ಲಿ ತಪ್ಪಿತಸ್ಥ ಅಂತ ತೀರ್ಮಾನ ಆಯ್ತು, 70 ತಿಂಗಳು ಶಿಕ್ಷೆ. ವಾರ್ಡನ್ ಆಗೋ ಮುಂಚೆ ಅದೇ ಜೈಲಲ್ಲಿ ಪ್ರಿಯಾ ನಿಯಮ ಪಾಲನೆ ನೋಡ್ಕೊಳ್ಳೋ ಜವಾಬ್ದಾರಿ ಅವನದ್ದೇ ಆಗಿತ್ತು. ಅಲ್ಲಿನ ಚಾಪ್ಲಿನ್, ಅಂದ್ರೆ ಪ್ರಾರ್ಥನೆ ಮಾಡಿಸೋ ಪಾದ್ರಿ, ಅವನಿಗೂ 84 ತಿಂಗಳು. ಎಷ್ಟೋ ಹೆಂಗಸರು ಬೇರೆ ದೇಶದವರು, ಬಾಯಿಬಿಟ್ರೆ ಗಡೀಪಾರು ಅನ್ನೋ ಭಯ. 2024ರಲ್ಲಿ ಆ ಜೈಲೇ ಮುಚ್ತು, ಆ ವರ್ಷದ ಕೊನೆಗೆ 103 ಹೆಂಗಸರಿಗೆ ಒಟ್ಟು 11.5 ಕೋಟಿ ಡಾಲರ್‌ಗೂ ಹೆಚ್ಚು ಪರಿಹಾರಕ್ಕೆ ಸರ್ಕಾರ ಒಪ್ಕೊಳ್ತು. ಟ್ರೇನಿಂಗಲ್ಲಿ ನೀವು ಕೇಳ್ಲೇಬೇಕಾದ ಪ್ರಶ್ನೆ ನನಗೆ ಇದೇ ಅನ್ಸುತ್ತೆ: ದೂರು ನನ್ನ ಬಾಸ್ ಮೇಲೇ ಬಂದ್ರೆ ನಾನು ಯಾರಿಗೆ ಹೇಳ್ಬೇಕು, ಅವರ ಫೋನ್ ನಂಬರ್ ಏನು? ಉತ್ತರದಲ್ಲಿ ಒಂದು ಹುದ್ದೆ ಹೆಸರು ಬಂದ್ರೆ ಸಾಲದು, ನಂಬರ್ ಬರ್ಕೊಂಡೇ ಎದ್ದೇಳಿ.

—

ನೇರ_ಮಾತು:

ಓದ್ದೆ. ಅಕ್ಕ ಹೇಳಿದ್ದು ಒಪ್ತೀನಿ, ಬಾಗಿಲು ಯಾರು ಹಾಕ್ತಾರೆ ಅನ್ನೋ ಮಾತು ನಾನು ಯಾವತ್ತೂ ಯೋಚ್ನೆ ಮಾಡಿರ್ಲಿಲ್ಲ. ಒಂದು ಡೌಟು, ನಿಜವಾಗ್ಲೂ ಕೇಳ್ತಿದೀನಿ. ಕೊನೆಗೆ ಸಾಕ್ಷಿ ಸಿಗ್ಲಿಲ್ಲ ಅಂದ್ರೆ ಆ ದೂರು ಸುಳ್ಳು ಅಂತ ತಾನೇ ಆಗೋದು? ಮತ್ತೆ ನಮ್ಮ ದೇಶದಲ್ಲಿ ಇದಕ್ಕೆಲ್ಲ ಏನಿದೆ?

—

ಮಲೆನಾಡ_ಮಳೆ:

ಇಲ್ಲ, ಇದು ನಂಗೆ ಗೊತ್ತು, ಮೂರು ಥರ ತೀರ್ಮಾನ ಇದೆ. ಆಗಿದ್ದು ನಿಜ ಅಂತ ಗೊತ್ತಾದ್ರೆ ಒಂದು, ಆಗೇ ಇಲ್ಲ ಅಂತ ಗೊತ್ತಾದ್ರೆ ಒಂದು, ಆಯ್ತೋ ಇಲ್ವೋ ಹೇಳೋಷ್ಟು ಸಾಕ್ಷ್ಯ ಸಿಗ್ಲಿಲ್ಲ ಅಂದ್ರೆ ಇನ್ನೊಂದು. ಈ ಮೂರನೇದಕ್ಕೂ ಸುಳ್ಳಿಗೂ ಸಂಬಂಧ ಇಲ್ಲ. ಒಳ್ಳೆ ನಂಬಿಕೆಯಿಂದ ಕೊಟ್ಟ ದೂರಿಗೆ ಸಾಕ್ಷ್ಯ ಸಿಗದಿದ್ರೂ ಸುಳ್ಳು ದೂರು ಅಂತ ಕೈದಿಗೆ ಶಿಕ್ಷೆ ಕೊಡೋ ಹಾಗಿಲ್ಲ. ಇಲಾಖಾ ವಿಚಾರಣೆಯಲ್ಲಿ ತಕ್ಕಡಿ ಸ್ವಲ್ಪ ಒಂದು ಕಡೆ ವಾಲಿದ್ರೂ ಸಾಕು, ಕೋರ್ಟಿನ ಥರ ಅನುಮಾನಕ್ಕೆ ಎಡೆಯಿಲ್ಲದ ಹಾಗೆ ಅಂತ ಕೇಳಲ್ಲ. ತೀರ್ಮಾನ ಏನೇ ಆದ್ರೂ ಅದನ್ನ ದೂರು ಕೊಟ್ಟೋರಿಗೆ ಹೇಳ್ಬೇಕು, ಆಫೀಸರ್ ರಾಜೀನಾಮೆ ಕೊಟ್ಟು ಹೋದ್ರೂ ತನಿಖೆ ನಿಲ್ಲಿಸ್ಬಾರ್ದು. ನಮ್ಮ ದೇಶದ್ದು ನಂಗೆ ಅಷ್ಟು ಗೊತ್ತಿಲ್ಲ, ಯಾರಾದ್ರೂ ಹೇಳಿ.

—

ಸಿಟಿ_ಸಿವಿಲ್_ಕೋರ್ಟ್:

ಬೆಂಗಳೂರಲ್ಲಿ ಪ್ರ್ಯಾಕ್ಟೀಸ್ ಮಾಡ್ತೀನಿ, ಕಾನೂನು ಸೇವಾ ಪ್ರಾಧಿಕಾರದ ಪ್ಯಾನೆಲ್ ವಕೀಲೆಯಾಗಿ ಜೈಲಿಗೆ ಹೋಗಿ ಬರ್ತಿರ್ತೀನಿ.

ನಮ್ಮಲ್ಲಿ ಪ್ರಿಯಾ ಥರ ಪ್ರತ್ಯೇಕ ಕಾಯ್ದೆ ಇಲ್ಲ. ಆದ್ರೆ ಕಸ್ಟಡಿಯಲ್ಲಿ ಆಗೋ ಅತ್ಯಾಚಾರದ ಬಗ್ಗೆ ಕಾನೂನು ಗಟ್ಟಿಯಾಗೇ ಇದೆ, ಅದು ಬಂದ ದಾರಿ ಗೊತ್ತಿರ್ಬೇಕು. 1972ರಲ್ಲಿ ಮಹಾರಾಷ್ಟ್ರದ ಒಂದು ಪೊಲೀಸ್ ಸ್ಟೇಷನ್ ಒಳಗೆ ಒಬ್ಬ ಆದಿವಾಸಿ ಹುಡುಗಿ ಮೇಲೆ ಆದದ್ದು, ಮಥುರಾ ಕೇಸ್ ಅಂತ. ಮೈಮೇಲೆ ಗಾಯ ಇಲ್ಲ, ಕೂಗ್ಲಿಲ್ಲ, ಹಾಗಾಗಿ ಒಪ್ಪಿಗೆ ಇತ್ತು ಅನ್ನೋ ಥರ ಸುಪ್ರೀಂ ಕೋರ್ಟು ಆ ಪೊಲೀಸರನ್ನ ಬಿಟ್ಟು ಕಳಿಸ್ತು. ಅದರ ವಿರುದ್ಧ ನಾಲ್ಕು ಜನ ಕಾನೂನು ಪ್ರೊಫೆಸರ್‌ಗಳು 1979ರಲ್ಲಿ ಬಹಿರಂಗ ಪತ್ರ ಬರೆದ್ರು, ದೇಶದ ತುಂಬ ಹೆಂಗಸರು ಬೀದಿಗಿಳಿದ್ರು, 1983ರಲ್ಲಿ ಕಾನೂನೇ ಬದಲಾಯ್ತು. ಜೈಲಿನ ಸಿಬ್ಬಂದಿ ಕೈದಿ ಹೆಂಗಸಿನ ಮೇಲೆ ಅತ್ಯಾಚಾರ ಮಾಡಿದ್ರೆ ಈಗ ಭಾರತೀಯ ನ್ಯಾಯ ಸಂಹಿತೆಯ 64(2)ರ ಕೆಳಗೆ ಕನಿಷ್ಠ 10 ವರ್ಷ, ಜೀವಾವಧಿವರೆಗೂ ಆಗಬಹುದು. ಸಂಪರ್ಕ ಆಗಿದ್ದು ರುಜುವಾತಾಗಿ, ಒಪ್ಪಿಗೆ ಇರ್ಲಿಲ್ಲ ಅಂತ ಅವಳು ಕೋರ್ಟಲ್ಲಿ ಹೇಳಿದ್ರೆ ಒಪ್ಪಿಗೆ ಇರ್ಲಿಲ್ಲ ಅಂತಲೇ ಕೋರ್ಟ್ ಭಾವಿಸ್ಬೇಕು. ಪೊಲೀಸ್ ತನಿಖೆ ಜೊತೆಗೆ ಮ್ಯಾಜಿಸ್ಟ್ರೇಟ್ ವಿಚಾರಣೆನೂ ಆಗ್ಬೇಕು. ಎರಡು ಬೆರಳಿನ ಪರೀಕ್ಷೆ (ಹೆಂಗಸಿಗೆ ಮೊದಲೇ ಲೈಂಗಿಕ ಸಂಪರ್ಕ ಇತ್ತಾ ಅಂತ ಯೋನಿಯಲ್ಲಿ ಬೆರಳು ಹಾಕಿ ನೋಡೋದು) ಮಾಡೋರನ್ನ ದುರ್ನಡತೆಯ ತಪ್ಪಿತಸ್ಥರು ಅಂತ ನೋಡ್ಬೇಕು ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಇಷ್ಟೆಲ್ಲ ಇದ್ದೂ ದೂರು ಹೊರಗೆ ಬರೋ ದಾರಿ ಯಾವುದು? ಕೈದಿ ಅರ್ಜಿ ಕೊಡೋದು ಜೈಲಿನವರ ಕೈಗೇ. ಜಿಲ್ಲಾ ನ್ಯಾಯಾಧೀಶರು ಭೇಟಿಗೆ ಬರ್ತಾರೆ, ನಾವು ಪ್ಯಾನೆಲ್ ವಕೀಲರು ಹೋಗ್ತೀವಿ, ಆದ್ರೆ ನಾವು ಕೈದಿ ಜೊತೆ ಮಾತಾಡುವಾಗ ಹಿಂದೆ ಒಬ್ರು ಸಿಬ್ಬಂದಿ ನಿಂತೇ ಇರ್ತಾರೆ. ಒಂದ್ಸಲ ಒಬ್ಬ ಹೆಂಗಸು ಜಾಮೀನಿನ ವಿಷಯ ಮಾತಾಡ್ತಾ ಮಾತಾಡ್ತಾ ವಕಾಲತ್ತಿನ ಕಾಗದದ ಮೇಲೆ ಬೆರಳಲ್ಲಿ ಏನೋ ಬರೆಯೋ ಹಾಗೆ ಮಾಡಿದ್ಳು. ಶಾಯಿ ಇಲ್ಲ, ಬರೀ ಬೆರಳು. ನನಗೆ ಅರ್ಥ ಆಗೋಕೆ ಎರಡು ಭೇಟಿ ಬೇಕಾಯ್ತು. ಅದಕ್ಕೆ ಹೇಳ್ತೀನಿ, ಒಂಟಿಯಾಗಿ, ಯಾರ ಕಿವಿಗೂ ಬೀಳದ ಹಾಗೆ ಮಾತಾಡೋ ಜಾಗ ಮೊದಲು ಬೇಕು. ದಕ್ಷಿಣ ರಾಜ್ಯಗಳ ಜೈಲು ಅಧಿಕಾರಿಗಳಿಗೆ ವೆಲ್ಲೂರಲ್ಲಿ ತರಬೇತಿ ಅಕಾಡೆಮಿ ಇದೆ, ನಮ್ಮ ಕರ್ನಾಟಕದವರೂ ಅಲ್ಲಿಗೇ ಹೋಗ್ತಾರೆ. ಇಂಥ ದೂರು ಬಂದ್ರೆ ಮೊದಲ ಒಂದು ಗಂಟೆ ಏನು ಮಾಡ್ಬೇಕು ಅನ್ನೋ ಪಾಠ ಅಲ್ಲಿ ಪ್ರತಿ ಬ್ಯಾಚಿಗೂ ಆಗ್ಬೇಕು, ಜೊತೆಗೆ ಜೈಲಿರೋ ಪ್ರತಿ ಊರಿನ ಪೊಲೀಸ್ ಠಾಣೆಯಲ್ಲಿ ಕನಿಷ್ಠ ಇಬ್ಬರು ಇದಕ್ಕೆ ತಯಾರಾಗಿರ್ಬೇಕು.

ಇನ್ನೂ ಒಂದು ದೊಡ್ಡ ತೂತು ಇದೆ. ಗಂಡು ಕೈದಿ ಮೇಲೆ, ಟ್ರಾನ್ಸ್‌ಜೆಂಡರ್ ಕೈದಿ ಮೇಲೆ ಆದ್ರೆ? ಹಳೇ ಐಪಿಸಿಯ 377 (ಅಸಹಜ ಲೈಂಗಿಕ ಕ್ರಿಯೆಯ ಕಲಂ) ಹೊಸ ಸಂಹಿತೆಯಲ್ಲಿ ಇಲ್ಲ, ಅತ್ಯಾಚಾರದ ಕಲಂನಲ್ಲಿ ಸಂತ್ರಸ್ತೆ ಅಂದ್ರೆ ಹೆಂಗಸೇ. 2022ರ ಎನ್‌ಸಿಆರ್‌ಬಿ (ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ) ಲೆಕ್ಕದಲ್ಲಿ ನಮ್ಮ ಜೈಲುಗಳಲ್ಲಿದ್ದ 5.73 ಲಕ್ಷ ಜನರಲ್ಲಿ ಹೆಂಗಸರು 24 ಸಾವಿರದೊಳಗೆ. ಉಳಿದೋರೆಲ್ಲ ಹೆಚ್ಚುಕಡಿಮೆ ಗಂಡಸರೇ, ಅದರಲ್ಲೂ ನಾಲ್ಕರಲ್ಲಿ ಮೂರು ಪಾಲು ಜನ ಇನ್ನೂ ವಿಚಾರಣಾಧೀನರು. 19 ವರ್ಷದ ಹುಡುಗನ ಮೇಲೆ ಬ್ಯಾರಕ್‌ನಲ್ಲಿ ಹಾಗಾದ್ರೆ ಹಲ್ಲೆ ಅಂತ ಕೇಸ್ ಹಾಕೋದು ಬಿಟ್ರೆ ಹೆಚ್ಚೇನೂ ಉಳಿದಿಲ್ಲ. ಇದನ್ನ ಯಾರೂ ಮಾತಾಡ್ತಿಲ್ಲ ಅನ್ನೋದು ನನಗೆ ತುಂಬ ನೋವಿನ ವಿಷಯ.

—

ಮಲೆನಾಡ_ಮಳೆ (ಎರಡು ವಾರ ಆದ್ಮೇಲೆ):

ಎಲ್ಲರಿಗೂ ಥ್ಯಾಂಕ್ಸ್, ಟ್ರೇನಿಂಗ್ ಮುಗೀತು. ನಿಮ್ಮ ಉತ್ತರಗಳನ್ನ ಪ್ರಿಂಟ್ ತೆಗೆದು ತಗೊಂಡು ಹೋಗಿದ್ದೆ.

ಮೂರನೇ ದಿನ ಅಣಕು ಸಂದರ್ಶನ ಇತ್ತು, ಒಬ್ರು ಟ್ರೇನರ್ ಕೈದಿ ಪಾತ್ರ ಮಾಡಿದ್ರು. ನಾನು ಪೆನ್ ಜೇಬಲ್ಲೇ ಇಟ್ಟೆ, ರೆಕಾರ್ಡ್ ಮಾಡ್ಬಹುದಾ ಅಂತ ಕೇಳಿ ರೆಕಾರ್ಡರ್ ಇಟ್ಟೆ, ಅಕ್ಕ ಹೇಳಿದ ಹಾಗೆ ಎಲ್ಲಿಂದ ಹೇಳೋಕಾಗುತ್ತೋ ಅಲ್ಲಿಂದ ಹೇಳಿ ಅಂದೆ, ಚೆನ್ನಾಗೇ ಹೋಗ್ತಿದೆ ಅಂದ್ಕೊಂಡೆ. ಅವರು ಐದೇ ನಿಮಿಷಕ್ಕೆ ನಿಲ್ಲಿಸಿ, ನನ್ನ ಕುರ್ಚಿಯಲ್ಲಿ ಬಂದು ಕೂತ್ಕೋ ಅಂದ್ರು. ಕೂತೆ. ಎದುರಿಗೆ ಬಾಗಿಲಲ್ಲಿ ಗಾಜಿನ ಕಿಟಕಿ, ಆಚೆ ಕಾರಿಡಾರಲ್ಲಿ ಯೂನಿಫಾರ್ಮ್ ಹಾಕಿದೋರು ಓಡಾಡ್ತಿದಾರೆ. ಪ್ರತಿ ಸಲ ಯಾರಾದ್ರೂ ಹೋದಾಗ ಅವರ ತಲೆ ಈ ಕಡೆ ತಿರುಗುತ್ತೆ. ನಾನು ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದಕ್ಕೆ ನಂಗೆ ಅದು ಕಾಣ್ತಾನೇ ಇರ್ಲಿಲ್ಲ. ಹೋದ ವರ್ಷ ಆ ಹುಡುಗಿನ ವಿಚಾರಣೆಗೆ ಕರೆದಿದ್ದು ಅಂಥದ್ದೇ ರೂಮಿಗೆ, ಮೈಕಲ್ಲಿ ಹೆಸರು ಕೂಗಿ, ಇಡೀ ಯೂನಿಟ್ಟಿಗೆ ಕೇಳೋ ಹಾಗೆ.

ಸ್ಯಾಕ್ರಮೆಂಟೊ ಅವ್ರೇ, ನಿಮ್ಮ ಪ್ರಶ್ನೆ ಕೇಳ್ದೆ. ಕ್ಲಾಸಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡ್ಲಿಲ್ಲ, ಆಮೇಲೆ ಟ್ರೇನರ್ ಬೋರ್ಡ್ ಮೇಲೆ ಎರಡು ನಂಬರ್ ಬರೆದ್ರು, ಒಂದು ಜೈಲಿಗೆ ಸಂಬಂಧವೇ ಇಲ್ಲದ ಹೊರಗಿನ ಕಚೇರಿದು. ಬರ್ಕೊಂಡಿದೀನಿ.

ಈಗ ಮಾಡಿರೋದು ಇಷ್ಟು. ವಿಚಾರಣೆಗೆ ಕರೆಯೋದನ್ನ ಮೈಕಲ್ಲಿ ಕೂಗ್ಬಾರ್ದು, ಎಲ್ಲರಿಗೂ ಬರೋ ಡಾಕ್ಟರ್ ಅಪಾಯಿಂಟ್‌ಮೆಂಟ್ ಚೀಟಿ ಥರದ್ದೇ ಚೀಟಿ ಹೋಗ್ಬೇಕು ಅಂತ ಬರೆದು ಕೊಟ್ಟಿದೀನಿ, ಮೇಲಿನವರು ಒಪ್ಪಿದಾರೆ. ಇಂಗ್ಲಿಷ್ ಬಾರದೋರಿಗೆ ಇನ್ನೊಬ್ಬ ಕೈದಿನ ಕರೆದು ಅನುವಾದ ಮಾಡ್ಸೋದು ನಿಲ್ಲಿಸಿ ಫೋನ್ ಮೇಲೆ ಸಿಗೋ ದುಭಾಷಿಗಳ ವ್ಯವಸ್ಥೆ ಕೇಳಿದೀನಿ. ದೂರು ಕೊಟ್ಟೋರನ್ನ ರಕ್ಷಣೆ ಹೆಸರಲ್ಲಿ ಒಂಟಿ ಸೆಲ್ಲಿಗೆ ಹಾಕೋ ಅಭ್ಯಾಸದ ಬಗ್ಗೆ ಇನ್ನೂ ವಾದ ನಡೀತಿದೆ, ಅದು ಅಷ್ಟು ಸುಲಭಕ್ಕೆ ಬಗೆಹರಿಯೋ ಥರ ಕಾಣ್ತಿಲ್ಲ. ದೂರು ಬಂದ ಮೇಲೆ 90 ದಿನ ಯಾರೂ ಸೇಡು ತೀರಿಸ್ಕೊಳ್ತಿಲ್ಲ ಅಂತ ನಿಗಾ ಇಡ್ಬೇಕು ಅಂತ ನಿಯಮ ಇದೆ, ನಮ್ಮಲ್ಲಿ ಅದು ಫೈಲಲ್ಲಿ ಟಿಕ್ ಹಾಕೋ ಕೆಲ್ಸ ಆಗಿತ್ತು. ನಾನು ಕ್ಯಾಲೆಂಡರಲ್ಲಿ ವಾರಕ್ಕೊಂದು ಸಲ ಹೋಗಿ ನೋಡೋ ಹಾಗೆ ಹಾಕ್ಕೊಂಡಿದೀನಿ. ಅವರಿಗೆ ಸಣ್ಣಪುಟ್ಟ ತಪ್ಪಿಗೆ ಶಿಕ್ಷೆ ಜಾಸ್ತಿ ಆಯ್ತಾ, ಕೆಲಸ ಬದಲಾಯ್ಸಿದ್ರಾ, ರೂಮ್ ಬದಲಾಯ್ಸಿದ್ರಾ, ಮನೆಯವರ ಭೇಟಿ ತಪ್ಪಿಸಿದ್ರಾ, ಇದನ್ನ ಕಾಗದದಲ್ಲಿ ಅಲ್ಲ, ಹೋಗಿ ನೋಡ್ಬೇಕು ಅಂತ.

ಕರಾವಳಿ ಅವ್ರೇ, ಸರಪಳಿ ಬಗ್ಗೆ ನಿಮ್ಮ ಆಸ್ಪತ್ರೆ ಜೈಲಿನವರ ಜೊತೆ ಏನಾದ್ರೂ ಬರವಣಿಗೆಯ ಒಪ್ಪಂದ ಮಾಡ್ಕೊಂಡಿದ್ರೆ ಅದರಲ್ಲಿ ಏನೇನಿದೆ ಅಂತ ಹೇಳ್ತೀರಾ? ಮುಂದಿನ ತಿಂಗಳ ಮೀಟಿಂಗಿಗೆ ಇಡ್ಬೇಕು.

—

ಕರಾವಳಿ_ನರ್ಸ್:

ಉಂಟು, ಒಂದೂವರೆ ಪುಟದ್ದು. ಹೆಸರು ಅಳಿಸಿ ನಾಳೆ ನೈಟ್ ಡ್ಯೂಟಿ ಮುಗಿಸಿ ಬಂದು ಕಳಿಸ್ತೇನೆ. ಕಾಲಿನ ಸರಪಳಿ ಮೊದಲ ಸಾಲಲ್ಲೇ ಉಂಟು.